ಮಗುವಿನ ಹೆಸರಿಗೆ ಜೊತೆಯ ಹೆಸರು: ಆರಿಸುವುದು ಹೇಗೆ?

ಹಾಸನದ ಕಡೆ ಹಳೆಯ ಕ್ರಮ ನಿಮಗೆ ಗೊತ್ತೇ ಇದೆ. ಮೊದಲು ಊರು, ಆಮೇಲೆ ಅಪ್ಪ, ಕೊನೆಗೆ ಸ್ವಂತ ಹೆಸರು. ಮಾಜಿ ಪ್ರಧಾನಿ ಎಚ್.ಡಿ. ದೇವೇಗೌಡರ ಹೆಸರಿನಲ್ಲಿ ಎಚ್ ಅಂದರೆ ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿ, ಡಿ ಅಂದರೆ ತಂದೆ ದೊಡ್ಡೇಗೌಡರು. ಆದರೆ ಇನಿಷಿಯಲ್ ಬದಲು ಅಜ್ಜಿಯ ಹೆಸರನ್ನೋ ಮನೆದೇವರ ಹೆಸರನ್ನೋ ಪೂರ್ತಿಯಾಗಿ ಮಧ್ಯದಲ್ಲಿ ಇಡಬೇಕು ಅನ್ನುವ ಆಸೆ ನಿಮಗಿದ್ದರೆ, ಖಂಡಿತ ಇಡಿ.

ಮೊದಲು ದಿನಾ ಕರೆಯುವ ಹೆಸರನ್ನು ಗಟ್ಟಿ ಮಾಡಿಕೊಳ್ಳಿ. ಅದು ಅಪ್ಪ ಅಮ್ಮನ ಇಷ್ಟ.

ಎರಡನೆಯ ಹೆಸರು ಹಿರಿಯರಿಗೆ ಬಿಡಿ. ಮನೆಯಲ್ಲಿ ಜಗಳ ಬರುವುದು ಇಲ್ಲೇ ಅಲ್ವಾ? ರೋಹಿಣಿ ನಕ್ಷತ್ರಕ್ಕೆ ಓ, ವಾ, ವೀ, ವೂ ಅಕ್ಷರ ಬರಬೇಕು ಅನ್ನುತ್ತಾರೆ ತಾತ; ನಿಮಗೆ ನಿಧಿ ಅನ್ನುವ ಹೆಸರೇ ಬೇಕು. ನಿಧಿ ವೀಣಾ ಅಂತ ಇಟ್ಟರೆ ಇಬ್ಬರ ಮಾತೂ ನಡೆಯಿತು. ಬೇಲೂರಿನ ಚೆನ್ನಕೇಶವ ಮನೆದೇವರಾದರೆ ಗಂಡುಮಗುವಿಗೆ ಕೇಶವ ಚೆನ್ನಾಗಿ ಹೊಂದುತ್ತದೆ. ಅಜ್ಜಿಯ ಹೆಸರು ರಂಗಮ್ಮ ಎಂದಿದ್ದರೆ ಸುಮ್ನೆ ತಿದ್ದಿ ಹೊಸದು ಮಾಡಬೇಡಿ. ಸಾನ್ವಿ ರಂಗಮ್ಮ ಅನ್ನುವುದರಲ್ಲಿ ಏನು ಕೊರತೆ? ಅಜ್ಜಿಯನ್ನು ಊರು ಹೇಗೆ ಕರೆಯಿತೋ ಹಾಗೆಯೇ ಇರಲಿ.

ಆಮೇಲೆ ಎರಡನ್ನೂ ಸೇರಿಸಿ ಜೋರಾಗಿ ಕೂಗಿ ನೋಡಿ. ಆರ್ಯ ಆನಂದ್ ಅಂತ ಬೇಗ ಹೇಳಿದರೆ ಆರ್ಯಾನಂದ್ ಆಗಿಬಿಡುತ್ತದೆ. ಯಶಸ್ ತೇಜಸ್ ಥರ ಒಂದೇ ರೀತಿ ಮುಗಿಯುವ ಜೋಡಿಯೂ ಕಿವಿಗೆ ಹಿತವಲ್ಲ. ಚಿಕ್ಕ ಹೆಸರಿನ ಪಕ್ಕ ಉದ್ದದ ಹೆಸರು ಚೆನ್ನಾಗಿ ಕೂರುತ್ತದೆ. ಇಂಗ್ಲಿಷಿನ ಮೊದಲಕ್ಷರಗಳನ್ನೂ ಜೋಡಿಸಿ ಓದಿ. ಭವ್ಯಾ ಅಂಬಿಕಾ ದೇವರಾಜ್ ಎಂದರೆ ಬಿ, ಎ, ಡಿ. ಶಾಲೆಯಲ್ಲಿ ಮಕ್ಕಳು ಆಡಿಕೊಳ್ಳುತ್ತಾರೆ.

ಇನ್ನು ಕಾಗದದ ಕೆಲಸ. ಇದರಲ್ಲಿ ಉದಾಸೀನ ಬೇಡವೇ ಬೇಡ. ಜನನವನ್ನು 21 ದಿನದೊಳಗೆ ನೋಂದಾಯಿಸಬೇಕು. ಅಷ್ಟರಲ್ಲಿ ಹೆಸರು ತೀರ್ಮಾನ ಆಗದಿದ್ದರೆ ಗಾಬರಿಯಾಗಬೇಡಿ, ಹೆಸರಿಲ್ಲದೆಯೂ ನೋಂದಣಿ ಆಗುತ್ತದೆ. ನೋಂದಣಿಯಾದ 12 ತಿಂಗಳೊಳಗೆ ಹೆಸರನ್ನು ಶುಲ್ಕವಿಲ್ಲದೆ ಸೇರಿಸಬಹುದು. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ಶಾಲೆ, ಆಧಾರ್, ಪಾಸ್‌ಪೋರ್ಟ್ ಎಲ್ಲಕ್ಕೂ ಹುಟ್ಟಿದ ದಿನದ ಪುರಾವೆ ಜನನ ಪ್ರಮಾಣಪತ್ರವೇ. ಹಾಗಾಗಿ ಅದರಲ್ಲಿ ಮಧ್ಯದ ಹೆಸರನ್ನು ಒಂದಕ್ಷರಕ್ಕೆ ಇಳಿಸದೆ ಪೂರ್ತಿ ಬರೆಸಿ. ಪಾಸ್‌ಪೋರ್ಟ್ ಅರ್ಜಿಯಲ್ಲೂ ಇನಿಷಿಯಲ್ ಬಿಡಿಸಿಯೇ ಬರೆಯಬೇಕು.

ಇಂಗ್ಲಿಷ್ ಕಾಗುಣಿತವನ್ನು ಒಂದು ಚೀಟಿಯಲ್ಲಿ ಬರೆದು ಇಟ್ಟುಕೊಳ್ಳಿ. ಲತಾ ಎಂಬ ಪುಟ್ಟ ಹೆಸರನ್ನೇ ಒಬ್ಬರು ಎಚ್ ಹಾಕಿ ಬರೆಯುತ್ತಾರೆ, ಇನ್ನೊಬ್ಬರು ಹಾಕದೆ. ನೋಂದಣಿ ಕಚೇರಿಗೆ ಹೋಗುವಾಗ ಆ ಚೀಟಿಯನ್ನೇ ಕೊಡಿ. ಮಗುವಿನ ಆಧಾರ್ ಮಾಡಿಸುವ ದಿನಕ್ಕೂ ಅದು ಬೇಕಾಗುತ್ತದೆ.