ಈ ಫೈಲಿಗೆ ಯಾರು ಕೈ ಹಾಕ್ತಾರೆ? ನಿಮ್ಮ ಪ್ರೋಗ್ರಾಮನ್ನು ಡೆಬಿಯನ್ ಪ್ಯಾಕೇಜ್ ಮಾಡುವ ಬಗೆ

ತಿಪಟೂರಿನಲ್ಲಿ ನಮ್ಮ ಮಾವನದು ಕೊಬ್ಬರಿ ಮಂಡಿ. ಹರಾಜಿನ ದಿನ ಬೆಳಿಗ್ಗೆ ಚೀಲಗಳು ತೂಕಕ್ಕೆ ಬರಲು ಶುರುವಾದರೆ ಮಧ್ಯಾಹ್ನದ ತನಕ ಯಾರಿಗೂ ಪುರುಸೊತ್ತಿಲ್ಲ. ಪ್ರತಿ ರೈತರಿಗೂ ಒಂದು ಚೀಟಿ ಕೊಡಬೇಕು. ಎಷ್ಟು ಚೀಲ, ಎಷ್ಟು ತೂಕ, ಹಮಾಲಿ ಎಷ್ಟು, ಕೈಗೆ ಎಷ್ಟು. ಆ ಚೀಟಿಗೆಂದು ನಾನೊಂದು ಪೈಥಾನ್ ಪ್ರೋಗ್ರಾಮ್ ಬರೆದುಕೊಟ್ಟೆ. ಹೆಸರು ತೂಕಚೀಟಿ. ಡೆಬಿಯನ್ ಎಂಬ ಲಿನಕ್ಸ್ ಹಾಕಿದ ಹಳೇ ಕಂಪ್ಯೂಟರಿನಲ್ಲಿ ಸರ್ವಿಸ್ ಆಗಿ, ಅಂದರೆ ಹಿನ್ನೆಲೆಯಲ್ಲಿ ಸದಾ ಓಡುತ್ತದೆ, ಬ್ರೌಸರಿನಲ್ಲಿ ತೆರೆದುಕೊಳ್ಳುತ್ತದೆ. ಈಗ ಅಕ್ಕಪಕ್ಕದ ಮೂರು ಮಂಡಿಗಳಲ್ಲೂ ಅದೇ ಇದೆ.

ಒಂದು ಸಲ ಹರಾಜಿನ ಹಿಂದಿನ ರಾತ್ರಿ ಹೊಸ ಆವೃತ್ತಿ ಹಾಕಿ ಹೋದೆ. ಮಾರನೇ ದಿನ ಮಧ್ಯಾಹ್ನ ಮಾವನ ಫೋನ್ ಬಂತು. "ಅಮ್ಮಣ್ಣಿ, ಹಮಾಲಿ ಯಾಕೆ ಎಂಟು ರೂಪಾಯಿ ಹಿಡಿದದೆ? ನಾನು ಹತ್ತು ಅಂತ ಬದಲಾಯಿಸಿ ಎರಡು ತಿಂಗಳಾಯ್ತಲ್ಲ?" ಅಷ್ಟು ಹೊತ್ತಿಗೆ ನಲವತ್ತಕ್ಕೂ ಜಾಸ್ತಿ ಚೀಟಿ ಹೋಗಿದ್ದವು. ಹಮಾಲರಿಗೆ ಕಡಿಮೆ ಬಿದ್ದ ದುಡ್ಡನ್ನು ಮಾವ ಕೈಯಿಂದ ಕೊಟ್ಟರು. ತಪ್ಪು ಪೂರ್ತಿ ನನ್ನದೇ. ದರದ ಫೈಲನ್ನು ನಾನು ಇಡಬಾರದ ಜಾಗದಲ್ಲಿ ಇಟ್ಟಿದ್ದೆ. ಹೊಸ ಪ್ಯಾಕೇಜ್ (ಪ್ರೋಗ್ರಾಮಿನ ಫೈಲುಗಳನ್ನೆಲ್ಲ ಒಟ್ಟು ಕಟ್ಟಿದ ಗಂಟು) ಬಂದಾಗ, ಅದನ್ನು ಬಿಚ್ಚಿ ಇನ್‌ಸ್ಟಾಲ್ ಮಾಡುವ ಡಿಪಿಕೆಜಿ ಎಂಬ ಪ್ರೋಗ್ರಾಮ್ ಮಾವ ತಿದ್ದಿದ ಫೈಲಿನ ಮೇಲೆ ನನ್ನ ಹಳೇ ಫೈಲನ್ನು ಬರೆದುಹಾಕಿತು. ಒಂದು ಮಾತೂ ಕೇಳಲಿಲ್ಲ, ಯಾಕೆಂದರೆ ಕೇಳಬೇಕಾದ ಜಾಗ ಅದಲ್ಲ.

ನಿಮ್ಮದೂ ಒಂದು ಸಣ್ಣ ಪ್ರೋಗ್ರಾಮ್ ಇದ್ದು, ಅದನ್ನು ನಾಲ್ಕು ಕಡೆ ಹಾಕಬೇಕಾಗಿದ್ದರೆ ಇದನ್ನು ಓದಿ. ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಫೋಲ್ಡರು, ಫೈಲು, ಕಮಾಂಡುಗಳ ಹೆಸರನ್ನು ಬಾಯಲ್ಲಿ ಹೇಳುವ ಹಾಗೆ ಕನ್ನಡದಲ್ಲಿ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳಲ್ಲೇ ಮಾಡಿ. ಪ್ಯಾಕೇಜಿನ ಹೆಸರೂ ಇಂಗ್ಲಿಷ್ ಸಣ್ಣಕ್ಷರದಲ್ಲೇ ಇರಬೇಕು.

ಮೊದಲು ಪೇಪರ್, ಪೆನ್ನು

ಪ್ಯಾಕೇಜ್ ಮಾಡಲು ಕೂರುವ ಮೊದಲು ನಿಮ್ಮ ಪ್ರೋಗ್ರಾಮಿಗೆ ಬೇಕಾದ ಫೈಲುಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಪ್ರೋಗ್ರಾಮ್ ತಾನಾಗಿ ಹುಟ್ಟಿಸುವ ಫೈಲುಗಳನ್ನೂ ಬಿಡಬೇಡಿ. ಪ್ರತಿಯೊಂದರ ಮುಂದೆ ಒಂದೇ ಪ್ರಶ್ನೆಗೆ ಉತ್ತರ ಬರೆಯಿರಿ: ಇನ್‌ಸ್ಟಾಲ್ ಆದಮೇಲೆ ಈ ಫೈಲಿಗೆ ಯಾರು ಕೈ ಹಾಕ್ತಾರೆ? ಪ್ಯಾಕೇಜ್ ಮಾತ್ರವಾ, ಅಂಗಡಿಯವರಾ, ಇಲ್ಲ ಓಡುತ್ತಿರುವ ಪ್ರೋಗ್ರಾಮಾ?

ಲಿನಕ್ಸಿನ ಫೋಲ್ಡರ್ ವ್ಯವಸ್ಥೆಗೆ ಎಫ್‌ಎಚ್‌ಎಸ್ ಎಂಬ ಒಪ್ಪಂದ ಇದೆ. ಅದರ ಮೊದಲ ರೂಪ 1994ರಲ್ಲಿ ಬಂತು, 3.0 ಆವೃತ್ತಿ 2015ರಲ್ಲಿ. ಓದಲು ಒಣಗಿದ ಹಾಗೆ ಕಾಣುತ್ತದೆ. ಈ ಪ್ರಶ್ನೆಯನ್ನು ಕೈಯಲ್ಲಿ ಹಿಡಿದು ಓದಿದರೆ ಅದರ ಬಹುಪಾಲು ತಾನಾಗಿ ಅರ್ಥವಾಗುತ್ತದೆ.

ಪ್ಯಾಕೇಜ್ ಮಾತ್ರ ಕೈ ಹಾಕುವುದೆಲ್ಲ /ಯುಎಸ್‌ಆರ್ ಒಳಗೆ. ನಮ್ಮ ಕಡೆ ತೆಂಗಿನಕಾಯಿಯನ್ನು ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಬಿಡುತ್ತೇವೆ. ಒಳಗಿನ ನೀರು ಇಂಗಿ ಕಾಯಿ ಉಂಡೆ ಕೊಬ್ಬರಿ ಆಗುವ ತನಕ ಅಲ್ಲಿಗೆ ಯಾರೂ ಸುಮ್ನೆ ಹತ್ತುವುದಿಲ್ಲ. /ಯುಎಸ್‌ಆರ್ ಅಂಥ ಅಟ್ಟ. ಡಿಪಿಕೆಜಿ ಒಂದೇ ಅಲ್ಲಿಗೆ ಹತ್ತಬೇಕು. ತೂಕಚೀಟಿಯಲ್ಲಿ ಓಡಿಸುವ ಫೈಲು /ಯುಎಸ್‌ಆರ್/ಬಿನ್‌ಗೆ ಹೋಗುತ್ತದೆ. ಅದರ ಹೆಸರಿನ ಕೊನೆಯಲ್ಲಿ 'ಡಾಟ್ ಪಿವೈ' ಬೇಡ, ನಾಳೆ ಬೇರೆ ಭಾಷೆಯಲ್ಲಿ ಬರೆದರೂ ಹೆಸರು ಅದೇ ಉಳಿಯಬೇಕು. ಅದು ಕರೆಯುವ ಪೈಥಾನ್ ಫೈಲುಗಳು, ಚೀಟಿಯ ನಮೂನೆ, ಚಿತ್ರಗಳು /ಯುಎಸ್‌ಆರ್/ಶೇರ್/ತೂಕಚೀಟಿ ಒಳಗೆ. ಶೇರ್‌ನಲ್ಲಿ ಇರುವುದು ಯಾವ ಪ್ರೊಸೆಸರಿಗೂ ಹೊಂದುವ ಫೈಲುಗಳು. ಸಿ ಭಾಷೆಯಲ್ಲಿ ಬರೆದು ಕಂಪೈಲ್ ಮಾಡಿದ್ದಾದರೆ /ಯುಎಸ್‌ಆರ್/ಲಿಬ್.

ಅಂಗಡಿಯವರು ಎಡಿಟರ್ ತೆರೆದು ತಿದ್ದುವುದು /ಈಟಿಸಿ ಒಳಗೆ. ಪ್ರೋಗ್ರಾಮ್ ಬರೆಯುವುದು /ವಾರ್ ಒಳಗೆ. ಅಲ್ಲೂ ಜಾಗ ಬೇರೆ ಬೇರೆ ಇವೆ. ಕಳೆದರೆ ಅಳಬೇಕಾದದ್ದು, ಅಂದರೆ ತೂಕದ ಲೆಕ್ಕ ಇರುವ ಡೇಟಾಬೇಸ್, /ವಾರ್/ಲಿಬ್/ತೂಕಚೀಟಿಗೆ. ಅಳಿಸಿದರೂ ಮತ್ತೆ ಹುಟ್ಟಿಸಬಹುದಾದದ್ದು, ಅಂದರೆ ಪ್ರಿಂಟಿಗೆ ತಯಾರಾದ ಪಿಡಿಎಫ್‌ಗಳು, /ವಾರ್/ಕ್ಯಾಶ್‌ಗೆ. ಕಂಪ್ಯೂಟರ್ ಆಫ್ ಮಾಡಿದರೆ ಬೇಡವಾಗುವಂಥದ್ದು /ರನ್‌ಗೆ.

ಹಮಾಲಿ ದರದ ವಿಷಯದಲ್ಲಿ ನಾನು ಎಡವಿದ್ದು ಇಲ್ಲೇ. ಅದನ್ನು /ಯುಎಸ್‌ಆರ್/ಶೇರ್ ಒಳಗೆ ಇಟ್ಟು, "ಮಾವ, ಈ ಫೈಲಲ್ಲಿ ತಿದ್ಕೊಳಿ" ಎಂದಿದ್ದೆ. ಅಟ್ಟ ಹತ್ತಲು ನಾನೇ ಏಣಿ ಹಾಕಿಕೊಟ್ಟ ಹಾಗಾಯಿತು.

/ಈಟಿಸಿ ವಿಷಯ ಸ್ವಲ್ಪ ನಿಧಾನವಾಗಿ

/ಈಟಿಸಿಯಲ್ಲಿ ನೀವು ಪ್ಯಾಕೇಜಿನ ಮೂಲಕ ಇಟ್ಟ ಫೈಲನ್ನು ಡೆಬಿಯನ್ 'ಕಾನ್ಫ್‌ಫೈಲ್' ಎಂದು ಗುರುತು ಹಾಕಿಕೊಳ್ಳುತ್ತದೆ. ಪ್ಯಾಕೇಜ್ ಕಟ್ಟಲು ನೆರವಾಗುವ ಡೆಬ್‌ಹೆಲ್ಪರ್ ಬಳಸಿದರೆ ಈ ಗುರುತು ತಾನಾಗಿ ಬೀಳುತ್ತದೆ. ಅಂಗಡಿಯವರು ಆ ಫೈಲನ್ನು ತಿದ್ದಿದ್ದು, ಹೊಸ ಪ್ಯಾಕೇಜಿನಲ್ಲಿ ನೀವೂ ಅದನ್ನು ಬದಲಾಯಿಸಿದ್ದರೆ, ಡಿಪಿಕೆಜಿ ನಿಂತು ಕೇಳುತ್ತದೆ: ನಿಮ್ಮದನ್ನೇ ಇಟ್ಟುಕೊಳ್ಳಲಾ, ಹೊಸದು ಹಾಕಲಾ, ವ್ಯತ್ಯಾಸ ತೋರಿಸಲಾ? ಸುಮ್ನೆ ಎಂಟರ್ ಒತ್ತಿದರೆ ಹಳೆಯದೇ ಉಳಿಯುತ್ತದೆ. ಒಬ್ಬರೇ ತಿದ್ದಿದ್ದರೆ ಪ್ರಶ್ನೆಯೇ ಬರುವುದಿಲ್ಲ.

ಇದು ಒಳ್ಳೆಯ ವ್ಯವಸ್ಥೆ. ಆದರೆ ಮಂಡಿಯಲ್ಲಿ ಆ ಪ್ರಶ್ನೆ ಇಂಗ್ಲಿಷಿನಲ್ಲಿ, ಕಪ್ಪು ತೆರೆಯ ಮೇಲೆ ಬರುತ್ತದೆ. ಗುಮಾಸ್ತರು ಅದನ್ನು ನೋಡಿ ಗಾಬರಿಯಾಗುತ್ತಾರೆ. ಅದಕ್ಕೆ ನಾನು ಈಗ ಬೇರೆ ದಾರಿ ಹಿಡಿದಿದ್ದೇನೆ, ನಿಮಗೂ ಅದನ್ನೇ ಹೇಳುತ್ತೇನೆ. ಮೂಲ ದರಗಳಿರುವ ಫೈಲು /ಯುಎಸ್‌ಆರ್/ಶೇರ್ ಒಳಗೇ ಇರಲಿ. ಪ್ರೋಗ್ರಾಮ್ ಮೊದಲು ಅದನ್ನು ಓದಲಿ. ಆಮೇಲೆ /ಈಟಿಸಿ/ತೂಕಚೀಟಿ ಒಳಗೆ ದರದ ಫೈಲು ಇದೆಯಾ ನೋಡಲಿ. ಇದ್ದರೆ ಅದರಲ್ಲಿರುವುದೇ ಅಂತಿಮ. ಪ್ಯಾಕೇಜ್ ಆ ಎರಡನೇ ಫೈಲನ್ನು ಒಳಗೊಳ್ಳುವುದೇ ಇಲ್ಲ. ಹಾಗಾಗಿ ಡಿಪಿಕೆಜಿಗೆ ಅದರ ಸುದ್ದಿಯೇ ಬೇಕಿಲ್ಲ. ಮಾವನ ಫೈಲಿನಲ್ಲಿ ಇರುವುದು ಒಂದೇ ಸಾಲು: ಹಮಾಲಿ ಹತ್ತು. ಲಿನಕ್ಸಿನಲ್ಲಿ ಸರ್ವಿಸುಗಳನ್ನು ಶುರು ಮಾಡಿ ನೋಡಿಕೊಳ್ಳುವ ಸಿಸ್ಟಮ್‌ಡಿ ತನ್ನ ಸರ್ವಿಸ್ ಫೈಲುಗಳನ್ನು ನಡೆಸುವುದೂ ಹೀಗೆಯೇ. ಡಿಸ್ಟ್ರೋ (ಡೆಬಿಯನ್‌ನಂಥ ಒಂದು ಲಿನಕ್ಸ್) ಕೊಟ್ಟದ್ದು /ಯುಎಸ್‌ಆರ್/ಲಿಬ್‌ನಲ್ಲಿ, ನೀವು ಬದಲಾಯಿಸಿದ್ದು /ಈಟಿಸಿಯಲ್ಲಿ, ಗೆಲ್ಲುವುದು ನಿಮ್ಮದು.

ಮುಂದೆ ದರವನ್ನು ಬ್ರೌಸರಿನಲ್ಲೇ ಬದಲಾಯಿಸುವ ಹಾಗೆ ಮಾಡಿದೆ ಅನ್ನಿ. ಆಗ ಆ ಫೈಲಿಗೆ ಕೈ ಹಾಕುವುದು ಪ್ರೋಗ್ರಾಮ್. ಜಾಗವೂ /ವಾರ್/ಲಿಬ್‌ಗೆ ಹೋಗಬೇಕು. ಹೆಸರು ಅದೇ ದರದ ಫೈಲು, ಮುಟ್ಟುವ ಕೈ ಮಾತ್ರ ಬೇರೆ.

ಎಲ್ಲಾ /ಆಪ್ಟ್‌ಗೆ ಹಾಕಿದರೆ?

ನನ್ನ ಜೊತೆ ಕೆಲಸ ಮಾಡುವ ತುಮಕೂರಿನ ಹುಡುಗನಿಗೆ ಈ ಹಂಚಿಕೆ ಇಷ್ಟವಾಗಲಿಲ್ಲ. "ಅಕ್ಕ, ಎಲ್ಲಾನೂ /ಆಪ್ಟ್ ಒಳಗೆ ಒಂದೇ ಫೋಲ್ಡರಿಗೆ ಹಾಕಿಬಿಟ್ರೆ ಮುಗೀತಲ್ಲ? ಬೇಡ ಅಂದ್ರೆ ಆ ಫೋಲ್ಡರ್ ಅಳಿಸಿದ್ರೆ ಸಾಕು." ಎರಡು ದಿನ ವಾದ ಮಾಡಿದೆವು. ಅವನ ಮಾತಿನಲ್ಲಿ ಹುರುಳಿಲ್ಲದೆ ಇಲ್ಲ. ಡಿಸ್ಟ್ರೋದವರಲ್ಲದೆ ಹೊರಗಿನವರು ಕೊಡುವ ಪ್ಯಾಕೇಜಿಗೆ ಎಫ್‌ಎಚ್‌ಎಸ್‌ನಲ್ಲೇ /ಆಪ್ಟ್ ಎಂಬ ಜಾಗ ಇದೆ. ಆದರೆ ಅದರ ಪ್ರಕಾರ ಅಲ್ಲೂ ಸೆಟ್ಟಿಂಗ್ /ಈಟಿಸಿ/ಆಪ್ಟ್‌ಗೆ, ಬದಲಾಗುವ ಡೇಟಾ /ವಾರ್/ಆಪ್ಟ್‌ಗೆ ಹೋಗಬೇಕು. ಹಂಚಿಕೆ ತಪ್ಪಲಿಲ್ಲ, ಅಲ್ವಾ? ಎಲ್ಲವೂ ಒಂದೇ ಫೋಲ್ಡರಿನಲ್ಲಿದ್ದರೆ ಅಳಿಸುವಾಗ ರೈತರ ತೂಕದ ಲೆಕ್ಕವೂ ಅದರ ಜೊತೆಗೇ ಹೋಗುತ್ತದೆ. ಅದನ್ನು ಹೇಳಿದ ಮೇಲೆ ಅವನೂ ಒಪ್ಪಿದ.

/ಯುಎಸ್‌ಆರ್/ಲೋಕಲ್ ಅಂತೂ ಪ್ಯಾಕೇಜಿನದಲ್ಲ. ಆ ಕಂಪ್ಯೂಟರನ್ನು ನೋಡಿಕೊಳ್ಳುವವರು ಕೈಯಿಂದ ಹಾಕಿಕೊಳ್ಳುವ ಜಾಗ ಅದು. ಡೆಬಿಯನ್ ಪ್ಯಾಕೇಜುಗಳು ಅಲ್ಲಿ ಫೈಲು ಇಡಬಾರದು ಎಂಬುದು ನಿಯಮ.

ಪ್ಯಾಕೇಜ್ ಕಟ್ಟುವುದು

ಹಾಳೆ ಸರಿಯಿದ್ದರೆ ಈ ಕೆಲಸ ಒಂದು ಗಂಟೆಯದ್ದು. ನಿಮ್ಮ ಪ್ರೋಗ್ರಾಮಿನ ಫೋಲ್ಡರಿನಲ್ಲಿ 'ಡೆಬಿಯನ್' ಎಂಬ ಫೋಲ್ಡರ್ ಮಾಡಿ. ಒಳಗೆ ಕಂಟ್ರೋಲ್, ಚೇಂಜ್‌ಲಾಗ್, ಕಾಪಿರೈಟ್, ರೂಲ್ಸ್, ಇನ್‌ಸ್ಟಾಲ್ ಎಂಬ ಫೈಲುಗಳು ಬೇಕು. ಕಂಟ್ರೋಲಿನಲ್ಲಿ ಡೆಬ್‌ಹೆಲ್ಪರ್-ಕಂಪ್ಯಾಟ್ 13 ಎಂದು ಹೇಳಿ. ಬರೀ ಪೈಥಾನ್ ಆದ್ದರಿಂದ ಆರ್ಕಿಟೆಕ್ಚರ್ 'ಆಲ್', ಅಂದರೆ ಯಾವ ಪ್ರೊಸೆಸರಿಗೂ ಆಗುತ್ತದೆ. ರೂಲ್ಸ್ ಒಂದು ಮೇಕ್‌ಫೈಲ್, ಅಂದರೆ ಕಟ್ಟುವ ಕ್ರಮ ಹೇಳುವ ಫೈಲು. ಅದರಲ್ಲಿ ಇರುವುದು ಮೂರೇ ಸಾಲು. ಕೊನೆಯ ಸಾಲು ಟ್ಯಾಬ್‌ನಿಂದ ಶುರುವಾಗಬೇಕು, ಸ್ಪೇಸ್ ಹಾಕಿದರೆ ನಡೆಯುವುದಿಲ್ಲ. ಇನ್‌ಸ್ಟಾಲ್ ಫೈಲು ನಿಮ್ಮ ಹಾಳೆಯ ನಕಲು. ಎಡಗಡೆ ಏನು, ಬಲಗಡೆ ಎಲ್ಲಿಗೆ:

ತೂಕಚೀಟಿ   ಯುಎಸ್‌ಆರ್/ಬಿನ್
ಮಾಡ್ಯೂಲ್ಸ್   ಯುಎಸ್‌ಆರ್/ಶೇರ್/ತೂಕಚೀಟಿ
ನಮೂನೆ   ಯುಎಸ್‌ಆರ್/ಶೇರ್/ತೂಕಚೀಟಿ

ಡೇಟಾಬೇಸ್ ಇಲ್ಲಿಲ್ಲ, ಗಮನಿಸಿ. ಅದು ಓಡುವಾಗ ಹುಟ್ಟುತ್ತದೆ. ಸರ್ವಿಸ್ ಫೈಲಿನಲ್ಲಿ 'ಸ್ಟೇಟ್‌ಡೈರೆಕ್ಟರಿ' ಎಂದು ಒಂದು ಸಾಲು ಬರೆದು ತೂಕಚೀಟಿ ಎಂದು ಕೊಟ್ಟರೆ, ಸಿಸ್ಟಮ್‌ಡಿ /ವಾರ್/ಲಿಬ್/ತೂಕಚೀಟಿಯನ್ನು ತಾನೇ ಮಾಡಿ, ಆ ಸರ್ವಿಸ್ ಓಡುವ ಯೂಸರಿನ ಹೆಸರಿಗೆ ಬರೆದುಕೊಡುತ್ತದೆ.

ಚೀಟಿ ಕನ್ನಡದಲ್ಲಿ ಪ್ರಿಂಟ್ ಆಗಬೇಕಲ್ಲ, ಫಾಂಟ್ ಫೈಲನ್ನು ನಿಮ್ಮ ಪ್ಯಾಕೇಜಿನೊಳಗೆ ತುರುಕಬೇಡಿ. ಡೆಬಿಯನ್‌ನಲ್ಲಿ ಗುಬ್ಬಿ, ನವಿಲು ಎಂಬ ಕನ್ನಡ ಫಾಂಟುಗಳು ಪ್ಯಾಕೇಜ್ ಆಗಿಯೇ ಇವೆ. ಕಂಟ್ರೋಲಿನ 'ಡಿಪೆಂಡ್ಸ್' ಸಾಲಿನಲ್ಲಿ 'ಫಾಂಟ್ಸ್-ಗುಬ್ಬಿ' ಎಂದು ಸೇರಿಸಿದರೆ ಸಾಕು, ಜೊತೆಗೇ ಬಂದು ಕೂರುತ್ತದೆ. ಗುಬ್ಬಿ ನಮ್ಮ ಜಿಲ್ಲೆಯದೇ ಒಂದು ತಾಲ್ಲೂಕಿನ ಹೆಸರೂ ಹೌದು. ಆ ಸಾಲು ಬರೆಯುವಾಗ ನನಗೆ ಪ್ರತಿ ಸಲ ಖುಷಿಯಾಗುತ್ತದೆ.

/ಲಿಬ್ ಮತ್ತು /ಯುಎಸ್‌ಆರ್/ಲಿಬ್: ಇಲ್ಲಿ ಹುಷಾರು

1970ರ ದಶಕದಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ, ಲಿನಕ್ಸಿಗೆ ಮಾದರಿಯಾದ ಯುನಿಕ್ಸ್ ಓಡುತ್ತಿದ್ದ ಯಂತ್ರದಲ್ಲಿ ಮೊದಲ ಡಿಸ್ಕ್ ತುಂಬಿಹೋಯಿತು. ಮಿಕ್ಕ ಪ್ರೋಗ್ರಾಮುಗಳನ್ನು ಬಳಕೆದಾರರ ಫೈಲುಗಳಿದ್ದ ಎರಡನೇ ಡಿಸ್ಕಿಗೆ, ಅಂದರೆ /ಯುಎಸ್‌ಆರ್‌ಗೆ ಹಾಕಿದರು. ಜಾಗ ಸಾಲದೆ /ಲಿಬ್ ಬೇರೆ, /ಯುಎಸ್‌ಆರ್/ಲಿಬ್ ಬೇರೆ ಎಂದಾದ ಆ ವಿಭಜನೆ ದಶಕಗಳ ಕಾಲ ಉಳಿಯಿತು. ಫೆಡೋರಾ ಎಂಬ ಡಿಸ್ಟ್ರೋ 2012ರಲ್ಲಿ ತನ್ನ 17ನೇ ಆವೃತ್ತಿಯಲ್ಲಿ ಎರಡನ್ನೂ ಸೇರಿಸಿತು. ಡೆಬಿಯನ್‌ನಲ್ಲಿ 2023ರ 12ನೇ ಆವೃತ್ತಿಯಿಂದ ಸೇರಿದ ವ್ಯವಸ್ಥೆ ಕಡ್ಡಾಯ. ಈಗ /ಲಿಬ್ ಎಂಬುದು /ಯುಎಸ್‌ಆರ್/ಲಿಬ್ ಕಡೆ ಕೈ ತೋರಿಸುವ ಒಂದು ಲಿಂಕ್.

ಕಣ್ಣಿಗೆ ಎರಡೂ ಒಂದೇ. ಡಿಪಿಕೆಜಿಯ ಪಟ್ಟಿಯಲ್ಲಿ ಮಾತ್ರ ಎರಡು ಬೇರೆ ಹೆಸರು. ನನ್ನ ಹಳೇ ಪ್ಯಾಕೇಜಿನಲ್ಲಿ ಸರ್ವಿಸ್ ಫೈಲು /ಲಿಬ್ ಒಳಗೆ ಇತ್ತು. ಅದನ್ನು 'ತೂಕಚೀಟಿ-ಸರ್ವಿಸ್' ಎಂಬ ಬೇರೆ ಪ್ಯಾಕೇಜಿಗೆ ಹಾಕಿ, ಅದೇ ಉಸಿರಿನಲ್ಲಿ ದಾರಿಯನ್ನೂ /ಯುಎಸ್‌ಆರ್/ಲಿಬ್ ಮಾಡಿದೆ. ಹೊಸ ಪ್ಯಾಕೇಜ್ ಬಂದು ಫೈಲನ್ನು ಇಟ್ಟಿತು. ಆಮೇಲೆ ಹಳೇ ಪ್ಯಾಕೇಜಿನ ಸರದಿ. "ನನ್ನ /ಲಿಬ್ ಒಳಗಿನ ಫೈಲು ಈಗ ಬೇಡ" ಎಂದು ಅದನ್ನು ಅಳಿಸಿತು. ಲಿಂಕಿನ ಮೂಲಕ ಅಳಿಸಿಹೋದದ್ದು ಈಗ ತಾನೇ ಬಂದ ಫೈಲು. ಎರಡೂ ಪ್ಯಾಕೇಜ್ ಸರಿಯಾಗಿ ಇನ್‌ಸ್ಟಾಲ್ ಆಗಿವೆ ಎನ್ನುತ್ತಿದ್ದವು, ಸರ್ವಿಸ್ ಮಾತ್ರ ಇಲ್ಲ. ಪುಣ್ಯಕ್ಕೆ ಇದು ನನ್ನ ಮನೆಯ ಕಂಪ್ಯೂಟರಿನಲ್ಲೇ ಗೊತ್ತಾಯಿತು. ಇದೇ ಅಪಾಯಕ್ಕೆ ಡೆಬಿಯನ್‌ನ ತಾಂತ್ರಿಕ ಸಮಿತಿ, ಫೈಲುಗಳನ್ನು ಹೀಗೆ ಜರುಗಿಸಬೇಡಿ ಎಂದು ಕೆಲ ಕಾಲ ತಡೆ ಹಾಕಿತ್ತು.

ನೀವು ಹೀಗೆ ಮಾಡಿ. ದಾರಿಯಲ್ಲಿ ಬರೀ /ಲಿಬ್, /ಬಿನ್, /ಎಸ್‌ಬಿನ್ ಎಂದು ಎಲ್ಲೂ ಬರೆಯಬೇಡಿ. ಸರ್ವಿಸ್ ಫೈಲನ್ನು ಇನ್‌ಸ್ಟಾಲ್ ಪಟ್ಟಿಗೆ ಹಾಕಬೇಡಿ. ಪ್ಯಾಕೇಜಿನ ಹೆಸರಿಟ್ಟು ಡೆಬಿಯನ್ ಫೋಲ್ಡರಿನೊಳಗೆ ಇಡಿ, ಅದರ ಜಾಗ ಡೆಬ್‌ಹೆಲ್ಪರಿಗೆ ಗೊತ್ತು. ಫೈಲಿನ ದಾರಿ ಬದಲಾಯಿಸುವುದು, ಪ್ಯಾಕೇಜ್ ಒಡೆಯುವುದು, ಇವೆರಡನ್ನೂ ಒಂದೇ ಆವೃತ್ತಿಯಲ್ಲಿ ಮಾಡಬೇಡಿ. ನನ್ನವು ನಾಲ್ಕೇ ಮಂಡಿ. ಮೊದಲನೆಯದು ಎಲ್ಲ ಕಡೆ ಹೋಗಿದೆ ಎಂದು ಕಣ್ಣಾರೆ ನೋಡಿ ಎರಡನೆಯದನ್ನು ಕಳಿಸುತ್ತೇನೆ.

ಅಂಗಡಿಗೆ ಕಳಿಸುವ ಮೊದಲು

ಕಟ್ಟಿದ ಡೆಬ್ ಫೈಲಿನ ಮೇಲೆ 'ಡಿಪಿಕೆಜಿ ಮೈನಸ್ ಸಣ್ಣ ಸಿ' ಕೊಟ್ಟು ಒಳಗಿನ ಪಟ್ಟಿಯನ್ನು ಹಾಳೆಯ ಜೊತೆ ಹೋಲಿಸಿ. ಪ್ಯಾಕೇಜಿನ ತಪ್ಪು ಹುಡುಕುವ ಲಿಂಟಿಯನ್ ಓಡಿಸಿ, ಅದು ಹೇಳುವುದನ್ನು ಓದಿ. ಆಮೇಲೆ ನಿಜವಾದ ಪರೀಕ್ಷೆ. ಹಳೇ ಆವೃತ್ತಿ ಹಾಕಿ. ದರ ಬದಲಾಯಿಸಿ. ಎರಡು ಚೀಟಿ ಬರೆಯಿರಿ. ಅದರ ಮೇಲೆ ಹೊಸ ಆವೃತ್ತಿ ಹಾಕಿ. ದರ ಉಳಿಯಿತಾ, ಆ ಎರಡು ಚೀಟಿ ಉಳಿದವಾ ನೋಡಿ. ಪ್ಯಾಕೇಜನ್ನು ತೆಗೆದು, ಮತ್ತೆ ಹಾಕಿ, ಮತ್ತೆ ನೋಡಿ. ಪರ್ಜ್ ಮಾಡಿದಾಗ, ಅಂದರೆ ಸೆಟ್ಟಿಂಗ್ ಸಮೇತ ಪ್ಯಾಕೇಜನ್ನು ತೆಗೆದಾಗ, ಕಾನ್ಫ್‌ಫೈಲುಗಳು ಹೋಗುತ್ತವೆ, ಅದು ಸರಿ. ತೂಕದ ಲೆಕ್ಕವನ್ನು ಮಾತ್ರ ನಾನು ಪರ್ಜ್‌ನಲ್ಲೂ ಅಳಿಸುವುದಿಲ್ಲ. ಅದು ರೈತರದ್ದು.

ಮಂಡಿಗೆ ಹೋದಾಗಲೆಲ್ಲ 'ಡಿಪಿಕೆಜಿ ಮೈನಸ್ ದೊಡ್ಡ ವಿ ತೂಕಚೀಟಿ' ಎಂದು ಒಮ್ಮೆ ಹೊಡೆಯುತ್ತೇನೆ. ಪ್ಯಾಕೇಜ್ ಇಟ್ಟ ಫೈಲುಗಳಲ್ಲಿ ಯಾವುದಾದರೂ ಬದಲಾಗಿದ್ದರೆ ಅದು ತೋರಿಸುತ್ತದೆ. /ಯುಎಸ್‌ಆರ್ ಒಳಗಿನ ಹೆಸರು ಕಂಡರೆ ಯಾರೋ ಅಟ್ಟ ಹತ್ತಿದ್ದಾರೆ ಎಂದರ್ಥ. ಯಾರೆಂದು ಹುಡುಕುವುದಕ್ಕಿಂತ ಯಾಕೆಂದು ಕೇಳಿ. ಹೋದ ತಿಂಗಳು ಪಕ್ಕದ ಮಂಡಿಯ ಗುಮಾಸ್ತರು ಚೀಟಿಯ ಮೇಲೆ ಅಂಗಡಿಯ ಫೋನ್ ನಂಬರ್ ಬರಲಿ ಎಂದು ನಮೂನೆಯನ್ನೇ ತಿದ್ದಿದ್ದರು. ಅವರಿಗೆ ತಿದ್ದಲು ಸರಿಯಾದ ಜಾಗವನ್ನೇ ನಾನು ಕೊಟ್ಟಿರಲಿಲ್ಲ. ಈಗ ಫೋನ್ ನಂಬರಿಗೂ /ಈಟಿಸಿಯ ಫೈಲಿನಲ್ಲಿ ಒಂದು ಸಾಲಿದೆ.

ಬ್ಯಾಕಪ್ಪಿಗೆ ಪೆನ್‌ಡ್ರೈವ್ ಸಾಕು. /ಈಟಿಸಿ/ತೂಕಚೀಟಿ, /ವಾರ್/ಲಿಬ್/ತೂಕಚೀಟಿ, ಇವೆರಡು ಫೋಲ್ಡರ್ ಮಾತ್ರ. ಕಾಪಿ ಮಾಡುವ ಮೊದಲು ಸರ್ವಿಸ್ ನಿಲ್ಲಿಸಿ, ಇಲ್ಲದಿದ್ದರೆ ಡೇಟಾಬೇಸ್ ಅರ್ಧ ಬರೆದ ಸ್ಥಿತಿಯಲ್ಲಿ ಸಿಗಬಹುದು. ಮಾವ ಈಗ ಪ್ರತಿ ಹರಾಜು ಮುಗಿದ ಸಂಜೆ, ಗಲ್ಲಾಪೆಟ್ಟಿಗೆಗೆ ಬೀಗ ಹಾಕುವ ಮೊದಲು, ಇದನ್ನು ತಾವೇ ಮಾಡುತ್ತಾರೆ.