ಒಂದು ಗೋಡೆ ಹಬ್ಬಕ್ಕೆ ಬಿಡಿ

ಹೋದ ನವರಾತ್ರಿಯಲ್ಲಿ ನಮ್ಮ ಅಪಾರ್ಟ್‌ಮೆಂಟಿನ ಮೂರನೇ ಮಹಡಿಯ ಹುಡುಗಿ ಬಂದು, "ಆಂಟಿ, ಈ ಸಲ ಗೊಂಬೆ ಕೂರಿಸಬೇಕು ಅಂತ ಆಸೆ. ಫೋನಿನಲ್ಲಿ ಇನ್ನೂರು ಫೋಟೋ ಇಟ್ಟುಕೊಂಡಿದ್ದೀನಿ, ಒಂದೂ ನಮ್ಮನೆಗೆ ಹೊಂದ್ತಿಲ್ಲ" ಅಂದಳು. ಹೋಗಿ ನೋಡಿದೆ. ಹಾಲ್ ಚೆನ್ನಾಗಿಯೇ ಇತ್ತು. ಒಂದು ಗೋಡೆಗೆ ಟಿವಿ, ಒಂದಕ್ಕೆ ಶೋಕೇಸ್, ಇನ್ನೊಂದಕ್ಕೆ ಸೋಫಾ. ನಾಲ್ಕನೆಯ ಕಡೆ ಬಾಲ್ಕನಿ ಬಾಗಿಲು. ಪಾಪ, ಪಟ್ಟದ ಗೊಂಬೆ ಎಲ್ಲಿ ಕೂರಬೇಕು? ಐದಡಿ ಖಾಲಿ ಗೋಡೆ ಇದ್ದಿದ್ದರೆ ಆ ಇನ್ನೂರರಲ್ಲಿ ಯಾವುದಾದರೂ ಒಂದು ಹೊಂದುತ್ತಿತ್ತು.

ನಾನು ಸಂಸಾರ ಶುರು ಮಾಡಿದ್ದು ಬಸವನಗುಡಿಯ ಹಳೇ ಮನೆಯಲ್ಲಿ. ಕೆಂಪು ರೆಡ್ ಆಕ್ಸೈಡ್ ನೆಲ, ನಡುಮನೆಯಲ್ಲಿ ಒಂದು ಗೋಡೆ ವರ್ಷವೆಲ್ಲ ಬೋಳು. ಸುತ್ತಿಟ್ಟ ಚಾಪೆ ಬಿಟ್ಟರೆ ಅಲ್ಲಿ ಏನೂ ಇರುತ್ತಿರಲಿಲ್ಲ. ವರಮಹಾಲಕ್ಷ್ಮಿ ಅಲ್ಲೇ, ಗೌರಿ ಗಣೇಶ ಅಲ್ಲೇ, ಗೊಂಬೆ ಅಲ್ಲೇ. ಈಗ ಜೆ.ಪಿ. ನಗರದ ಎರಡು ಬೆಡ್‌ರೂಮಿನ ಫ್ಲಾಟಿಗೆ ಬಂದರೂ ನಾನು ಆ ಗೋಡೆಯನ್ನು ಬಿಟ್ಟುಕೊಟ್ಟಿಲ್ಲ. ಒಂದು ಮರದ ಬೆಂಚು, ಅದರ ಮೇಲೆ ಒಂದು ಹಿತ್ತಾಳೆ ಚೊಂಬು, ಅಷ್ಟೇ. ಹಬ್ಬ ಬಂದರೆ ಎರಡನ್ನೂ ಪಕ್ಕಕ್ಕಿಟ್ಟರೆ ಜಾಗ ರೆಡಿ. ಮೂರು ಮೆಟ್ಟಿಲಿಗೆ ಗೋಡೆಯಿಂದ ಮೂರಡಿ ಮುಂದಕ್ಕೆ ಜಾಗ ಬೇಕು. ಐದು, ಏಳು ಅಂತ ಹೋಗುವ ಹಟ ಫ್ಲಾಟಿನಲ್ಲಿ ಬೇಡ. ಬೆಸ ಸಂಖ್ಯೆ ಇದ್ದರೆ ಆಯ್ತು. ಮೆಟ್ಟಿಲು ಕೊಳ್ಳುವುದೂ ಬೇಡ. ಟ್ರಂಕು, ಹಳೇ ಪುಸ್ತಕದ ಕಟ್ಟು, ಅಕ್ಕಿ ಡಬ್ಬಿ ಜೋಡಿಸಿ ಮೇಲೆ ಒಂದು ಬಿಳಿ ಪಂಚೆ ಹೊದಿಸಿದರೆ ಯಾರಿಗೂ ಗೊತ್ತಾಗುವುದಿಲ್ಲ.

ಫೋಟೋ ನೋಡಿ ಮೋಸ ಹೋದವಳು ನಾನೂ ಹೌದು. ಎರಡು ವರ್ಷದ ಹಿಂದೆ ಲಕ್ಷ್ಮಿ ಹಿಂದೆ ಹಾಕಲು ಹೂವಿನ ಪರದೆಯೊಂದನ್ನು ಆನ್‌ಲೈನಿನಲ್ಲಿ ತರಿಸಿದೆ. ಫೋಟೋದಲ್ಲಿ ಕಲ್ಯಾಣ ಮಂಟಪದಷ್ಟು ಅಗಲ. ಬಂದಿದ್ದು ಟವೆಲ್‌ಗಿಂತ ಸ್ವಲ್ಪ ದೊಡ್ಡದು! ಅಳತೆ ಕೆಳಗೆ ಸಣ್ಣ ಅಕ್ಷರದಲ್ಲಿ ಇತ್ತಂತೆ. ನಾನು ಕನ್ನಡಕ ಹಾಕಿರಲಿಲ್ಲ. ಅದನ್ನು ಗೋಡೆಗೆ ಅಂಟಿಸಲು ಹೋಗಿ ಟೇಪಿನ ಜೊತೆ ಅಂಗೈಯಗಲ ಬಣ್ಣವೂ ಕಿತ್ತು ಬಂತು. ಮಗ ಏನೂ ಅನ್ನಲಿಲ್ಲ, ಆದರೆ ಆ ಜಾಗ ನೋಡಿದಾಗಲೆಲ್ಲ ನನ್ನ ಮುಖ ನೋಡುತ್ತಿದ್ದ.

ಆಮೇಲೆ ಬುದ್ಧಿ ಬಂತು. ಈಗ ಗೋಡೆಗೆ ಎರಡು ಮೊಳೆ, ನಡುವೆ ಬಿಗಿಯಾದ ದಾರ, ಅದರ ಮೇಲೆ ನನ್ನ ಇಳಕಲ್ ಸೀರೆ. ಲೆಕ್ಕ ನೋಡಿ. ಸೀರೆ ಐದೂವರೆ ಮೀಟರ್, ಅಂದರೆ ಸುಮಾರು 18 ಅಡಿ. ಆರಡಿ ಗೋಡೆಗೆ ಅಡ್ಡಲಾಗಿ ನೆರಿಗೆ ಹಿಡಿದರೆ ಸರಿಯಾಗಿ ಮೂರು ಪಟ್ಟು ಬಟ್ಟೆ. ನೆರಿಗೆ ತುಂಬಿಕೊಂಡು ಕಾಣುತ್ತದೆ, ಮೇಲೊಂದು ಅಂಚು, ಕೆಳಗೊಂದು ಅಂಚು. ಸೀರೆಯ ಅಗಲ ಹೆಚ್ಚುಕಡಿಮೆ ನಾಲ್ಕಡಿ, ಅದೇ ಪರದೆಯ ಎತ್ತರ. ನೆರಿಗೆಯನ್ನು ಮೊದಲು ಮಂಚದ ಮೇಲೆ ಹಿಡಿದು, ಬಟ್ಟೆ ಒಣಗಿಸುವ ಕ್ಲಿಪ್ಪು ಹಾಕಿ, ಆಮೇಲೆ ದಾರಕ್ಕೆ ಏರಿಸಿ. ಗೋಡೆಯ ಮುಂದೆ ನಿಂತು ನೆರಿಗೆ ಹಿಡಿಯಲು ಹೋದರೆ ಕೈ ಸೋಲುತ್ತದೆ, ಸಿಟ್ಟೂ ಬರುತ್ತದೆ. ದೀಪ ಮಾತ್ರ ಸೀರೆಯಿಂದ ಎರಡು ಮೊಳ ದೂರ ಇರಲಿ. ದೀಪ ಉರಿಯುವಾಗ ಫ್ಯಾನ್ ಬೇಡವೇ ಬೇಡ.

ಹೊಸ ಯೋಚನೆ ಬೇಕು ಅನ್ನಿಸಿದರೆ ನಾನು ಹೋಗುವುದು ಮಾರ್ಕೆಟ್ಟಿಗೆ. ಗಾಂಧಿ ಬಜಾರ್ ಆಗಬಹುದು, ಮಲ್ಲೇಶ್ವರಂ ಎಂಟನೇ ಕ್ರಾಸ್ ಆಗಬಹುದು. ಹೂ ಕಟ್ಟುವವರ ಕೈ ನೋಡುತ್ತಾ ಹತ್ತು ನಿಮಿಷ ನಿಲ್ಲಿ. ಮಲ್ಲಿಗೆ, ಮಲ್ಲಿಗೆ, ನಡುವೆ ಚೂರು ಕನಕಾಂಬರ, ಒಂದು ಎಸಳು ಮರುಗ. ಬಿಳಿ ಜಾಸ್ತಿ, ಕೇಸರಿ ಕಡಿಮೆ, ಹಸಿರು ಇದ್ದೂ ಇಲ್ಲದ ಹಾಗೆ. ನಮ್ಮ ಹಾಲಿಗೆ ಬಣ್ಣ ಆರಿಸಿದ್ದು ಇದೇ ಲೆಕ್ಕದಲ್ಲಿ. ಗೋಡೆ ಬಿಳಿ, ಎರಡು ದಿಂಬಿಗೆ ಮಾತ್ರ ಕನಕಾಂಬರದ ಬಣ್ಣ, ಕಿಟಕಿಯಲ್ಲಿ ಒಂದು ಗಿಡ. ಸೊಸೆ ಐದು ದಿಂಬಿಗೂ ಅದೇ ಬಣ್ಣ ಹಾಕೋಣ ಅಂದಳು. ಹಾಕಿ ನೋಡಿದಳು, ಮಾರನೇ ದಿನ ತಾನೇ ತೆಗೆದಳು. ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನವೂ ಒಳ್ಳೆಯದೇ, ಜನವರಿಯಲ್ಲಿ ಒಮ್ಮೆ, ಆಗಸ್ಟಿನಲ್ಲಿ ಒಮ್ಮೆ. ಎಲ್ಲರೂ ಗಾಜಿನ ಮನೆಯೊಳಗಿನ ದೊಡ್ಡ ಹೂವಿನ ಆಕೃತಿಗೇ ಮುಗಿಬೀಳುತ್ತಾರೆ. ಅದನ್ನು ಮನೆಗೆ ತರೋಕಾಗುತ್ತಾ? ಸುತ್ತ ಜೋಡಿಸಿಟ್ಟ ಕುಂಡಗಳನ್ನು ನೋಡಿ, ಯಾವುದರ ಪಕ್ಕ ಯಾವುದು ಇದೆ ಅಂತ.

ಚನ್ನಪಟ್ಟಣದ ಗೊಂಬೆಗಳನ್ನು ಕೊಂಡು ತಂದು ಕಿಟಕಿಯಲ್ಲಿ ಸಾಲಾಗಿ ಇಡುವವರು ಬಹಳ. ಆ ಬಣ್ಣ ಅರಗಿನದು. ಆಲೆಮರವನ್ನು ಕಡೆಯುವಾಗ ಹುಟ್ಟುವ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಅಂಥದ್ದನ್ನು ಏಪ್ರಿಲ್ ಬಿಸಿಲಿನಲ್ಲಿ ಇಟ್ಟರೆ ಹೇಗೆ? ಒಳಗಿನ ಶೆಲ್ಫಿನಲ್ಲಿಡಿ, ಒಣ ಬಟ್ಟೆಯಲ್ಲಿ ಒರೆಸಿ, ನೀರು ಮುಟ್ಟಿಸಬೇಡಿ.

ಮಾವಿನ ತೋರಣ ಕಟ್ಟುವುದು ಈಗಿನ ಮಕ್ಕಳಿಗೆ ಮರೆತೇ ಹೋಗಿದೆ. ಪ್ಲಾಸ್ಟಿಕ್‌ದು ತಂದು ಒಮ್ಮೆ ನೇತು ಹಾಕಿದರೆ ಮುಂದಿನ ಯುಗಾದಿಯವರೆಗೂ ಧೂಳು ಕುಡಿಯುತ್ತಾ ಇರುತ್ತದೆ. ಅಸಲಿ ತೋರಣ ಕಟ್ಟುವ ಕೆಲಸಕ್ಕೆ ಕಾಲು ಗಂಟೆ ಸಾಕು. ಚಿಗುರೆಲೆ ಬೇಡ, ಮಧ್ಯಾಹ್ನಕ್ಕೇ ಜೋಲುತ್ತದೆ. ತೀರಾ ಬಲಿತದ್ದೂ ಬೇಡ, ಮಡಚಿದರೆ ಸೀಳುತ್ತದೆ. ಎಲೆ ಕಿತ್ತ ಮೇಲೆ ತೊಟ್ಟು ಕೆಳಗೆ ಮಾಡಿ ಅರ್ಧ ಗಂಟೆ ಬಿಡಿ, ಸೊನೆ ಇಳಿದು ಹೋಗಲಿ. ಇಲ್ಲದಿದ್ದರೆ ಬಾಗಿಲಿನ ಪಾಲಿಶ್ ಮೇಲೆ ಕಲೆ. ಆಮೇಲೆ ತೊಟ್ಟಿನ ಕಡೆ ಎರಡು ಬೆರಳಷ್ಟು ಎಲೆಯನ್ನು ದಾರದ ಮೇಲಿಂದ ಹಿಂದಕ್ಕೆ ಮಡಚಿ, ಆ ತೊಟ್ಟಿನ ತುದಿಯಿಂದಲೇ ಎಲೆಯನ್ನು ಚುಚ್ಚಿ ಮುಂದಕ್ಕೆ ತೆಗೆಯಿರಿ. ತೊಟ್ಟು ತುಂಡಾಗಿದ್ದರೆ ತೆಂಗಿನ ಕಡ್ಡಿ ಇದ್ದೇ ಇದೆ. ಹೊಳೆಯುವ ಬದಿ ಹೊರಗೆ. ಮೂರಡಿ ಬಾಗಿಲಿಗೆ 11 ಎಲೆ ಸಾಕು.

ಹೂವನ್ನು ವರಮಹಾಲಕ್ಷ್ಮಿ ಹಿಂದಿನ ದಿನ ಕೊಳ್ಳುವುದು ಶುದ್ಧ ದಂಡ. ಸೇವಂತಿಗೆ, ಚೆಂಡು ಹೂ ಎರಡು ದಿನ ಮೊದಲೇ ತಂದಿಡಬಹುದು, ತಡೆಯುತ್ತವೆ. ಮಲ್ಲಿಗೆ ಮಾತ್ರ ಒದ್ದೆ ಬಟ್ಟೆಯಲ್ಲಿ ಸುತ್ತಿಡಬೇಕು.

ದಿನನಿತ್ಯದ ಕೋಣೆಗೆ ಎರಡೇ ಮಾತು. ಗೋಡೆಗೆ ಚಿತ್ರ ತರುವ ಮೊದಲು ಅದೇ ಅಳತೆಗೆ ನ್ಯೂಸ್‌ಪೇಪರ್ ಕತ್ತರಿಸಿ, ಗೋಡೆಗೆ ಸಿಕ್ಕಿಸಿ ನಾಲ್ಕು ದಿನ ನೋಡಿ. ಜನವರಿಯಲ್ಲಿ ಚಿತ್ರಸಂತೆಗೆ ಹೋಗುವಾಗ ಆ ಪೇಪರಿನ ಅಳತೆ ಚೀಟಿ ನನ್ನ ಪರ್ಸಿನಲ್ಲಿ ಇರುತ್ತದೆ. ಕೂತು ಹರಟುವ ಕೋಣೆಯಾದರೆ ಕೂತವರ ಕಣ್ಣಿನ ಎತ್ತರ ನೋಡಿ ಹಾಕಿ. ಬಹಳ ಮನೆಗಳಲ್ಲಿ ಚಿತ್ರ ಸೀಲಿಂಗಿಗೆ ಹತ್ತಿರ ಇರುತ್ತದೆ. ಇನ್ನೊಂದು, ಬಲ್ಬಿನ ಡಬ್ಬಿ ಓದಿ. 6500 ಕೆಲ್ವಿನ್ ಅಂದರೆ ಆಸ್ಪತ್ರೆಯ ಬಿಳುಪು, ಓದುವ ಮೇಜಿಗೆ ಸರಿ. 2700 ಇರುವ ಒಂದು ಹಳದಿ ಬಲ್ಬನ್ನು ಮೂಲೆಯಲ್ಲಿ ಹಾಕಿ ನೋಡಿ, ಅದೇ ಹಳೇ ಹಿತ್ತಾಳೆ ಚೊಂಬು ಚಿನ್ನದ ಹಾಗೆ ಕಾಣುತ್ತದೆ. ಅದಕ್ಕೆ ಮೊದಲು ಹುಣಸೆಹಣ್ಣು, ಉಪ್ಪು ಹಾಕಿ ತಿಕ್ಕಿ, ತಕ್ಷಣ ಒರೆಸಿರಬೇಕು ಅನ್ನಿ.

ಮೂರನೇ ಮಹಡಿಯ ಹುಡುಗಿ ಆ ನವರಾತ್ರಿಗೆ ಟೀಪಾಯಿ ಮೇಲೆ ರಾಜ ರಾಣಿ ಇಬ್ಬರನ್ನೇ ಕೂರಿಸಿದಳು. ಈ ವರ್ಷ ಶೋಕೇಸ್ ಬೆಡ್‌ರೂಮಿಗೆ ಹೋಗಿದೆ, ಗೋಡೆ ಖಾಲಿಯಾಗಿದೆ. ಬೀರುವಿನ ಬಾಗಿಲು ಈಗ ಅರ್ಧವೇ ತೆರೆಯುತ್ತದೆ ಅಂತ ಅವಳ ಗಂಡ ಲಿಫ್ಟಿನಲ್ಲಿ ಸಿಕ್ಕಾಗಲೆಲ್ಲ ನನಗೆ ದೂರು ಹೇಳುತ್ತಾನೆ.