ಸರ್ಕಾರದ ಪ್ಯಾಕೇಜ್‌ನಲ್ಲಿ ನಮ್ಮ ಪಾಲೆಷ್ಟು? ಲೆಕ್ಕ ಹಾಕುವುದು ಹೀಗೆ

ಸರ್ಕಾರ ಆರ್ಥಿಕ ಪ್ಯಾಕೇಜ್ ಪ್ರಕಟಿಸಿದ ಮರುದಿನ ಎಲ್ಲರ ಬಾಯಲ್ಲೂ ಒಂದೇ ಅಂಕಿ ಓಡಾಡುತ್ತದೆ. ಆದರೆ ಆ ಒಟ್ಟು ಮೊತ್ತ ನೋಡಿ ಜನಸಾಮಾನ್ಯರಿಗೆ ಎಷ್ಟು ಸಿಕ್ಕಿತೆಂದು ಹೇಳಲಾಗದು. ಅದನ್ನು ಬಿಡಿಸಿ ನೋಡಬೇಕು. ಇದಕ್ಕೆ ಅರ್ಥಶಾಸ್ತ್ರದ ಪದವಿ ಬೇಕಿಲ್ಲ, ಕಾಗದ, ಪೆನ್ನು, ಮೊಬೈಲಿನ ಕ್ಯಾಲ್ಕುಲೇಟರ್ ಸಾಕು. ಉದಾಹರಣೆಗೆ, ಕೋವಿಡ್ ಕಾಲದ ಆತ್ಮನಿರ್ಭರ ಭಾರತ ಪ್ಯಾಕೇಜನ್ನೇ ತೆಗೆದುಕೊಳ್ಳೋಣ. 2020ರ ಮೇ 12ರಂದು ಪ್ರಧಾನಿ ನರೇಂದ್ರ ಮೋದಿ 20 ಲಕ್ಷ ಕೋಟಿ ರೂಪಾಯಿ ಎಂದು ಘೋಷಿಸಿದರು. ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಮರುದಿನದಿಂದ ಐದು ದಿನ ವಿವರ ಕೊಟ್ಟರು. ಕೊನೆಗೆ ಮೊತ್ತ 20,97,053 ಕೋಟಿ ರೂಪಾಯಿ ಆಯಿತು.

ಹಂತ 1: ಕೈಗೆ ಬರುವ ಹಣವನ್ನೂ ಸಾಲವನ್ನೂ ಬೇರೆ ಮಾಡಿ

ಈ ಮೊತ್ತದಲ್ಲಿ 8,01,603 ಕೋಟಿ ರಿಸರ್ವ್ ಬ್ಯಾಂಕ್ ಕೈಗೊಂಡಿದ್ದ ಕ್ರಮಗಳದ್ದು. ಅಂದರೆ ಬ್ಯಾಂಕುಗಳ ಬಳಿ ಸಾಲ ಕೊಡಲು ಹಣ ಇರುವಂತೆ ನೋಡಿಕೊಂಡದ್ದು. ಇನ್ನು 3 ಲಕ್ಷ ಕೋಟಿ ಸಣ್ಣ ಉದ್ಯಮಗಳಿಗೆ ಅಡಮಾನವಿಲ್ಲದ ಸಾಲ. ಅದಕ್ಕೆ ಸರ್ಕಾರ ಜಾಮೀನು ನಿಂತಿತ್ತು. ಈ ಎರಡೇ ಸೇರಿ ಪ್ಯಾಕೇಜಿನ ಅರ್ಧಕ್ಕಿಂತ ಹೆಚ್ಚು.

ನೇರವಾಗಿ ಖಾತೆಗೆ ಬಂದದ್ದು? ಸುಮಾರು 20 ಕೋಟಿ ಮಹಿಳೆಯರ ಜನಧನ್ ಖಾತೆಗೆ ತಿಂಗಳಿಗೆ 500 ರೂಪಾಯಿಯಂತೆ ಮೂರು ತಿಂಗಳು. ಗುಣಿಸಿದರೆ ಹೆಚ್ಚುಕಡಿಮೆ 30,000 ಕೋಟಿ. ಅಂದರೆ ಪ್ಯಾಕೇಜಿನ ಪ್ರತಿ ನೂರು ರೂಪಾಯಿಯಲ್ಲಿ ಒಂದೂವರೆ ರೂಪಾಯಿಗೂ ಕಡಿಮೆ. ಇದರ ಜೊತೆಗೆ ಆಹಾರ ಭದ್ರತಾ ಕಾಯ್ದೆಯ ಪಡಿತರ ಚೀಟಿ ಇದ್ದವರಿಗೆ ತಲೆಗೆ ತಿಂಗಳಿಗೆ 5 ಕೆ.ಜಿ. ಹೆಚ್ಚುವರಿ ಧಾನ್ಯ ಉಚಿತವಾಗಿ ಸಿಕ್ಕಿತು. ಅದು ಅನೇಕ ಮನೆಗಳಲ್ಲಿ ಒಲೆ ಆರದಂತೆ ನೋಡಿಕೊಂಡಿತು, ಅದನ್ನು ಕಡೆಗಣಿಸಬಾರದು.

ಸಾಲ ಕೊಟ್ಟದ್ದು ವ್ಯರ್ಥ ಎಂದು ನಾನು ಹೇಳುತ್ತಿಲ್ಲ. ಕಾರ್ಖಾನೆ ಮುಚ್ಚದೆ ಉಳಿದರೆ ಅಲ್ಲಿನ ಕೆಲಸವೂ ಉಳಿಯುತ್ತದೆ. ಆದರೆ ಸಾಲ ತೀರಿಸಬೇಕಾದ ಹಣ. ಸಾಮಾನು ಕೊಳ್ಳುವವರೇ ಇಲ್ಲದಾಗ ಅಂಗಡಿಯವನು ಇನ್ನೊಂದು ಸಾಲ ಮಾಡಿ ಏನು ಮಾಡಿಯಾನು? ಹಾಗಾಗಿ ಎರಡನ್ನೂ ಒಂದೇ ಸಾಲಿನಲ್ಲಿ ಕೂಡಿಸಿ ಹೇಳುವುದು ಸರಿಯಲ್ಲ.

ಹಂತ 2: ಹೊಸ ಹಣವೋ, ಮೊದಲೇ ಬರಬೇಕಿದ್ದದ್ದೋ ನೋಡಿ

ಪ್ಯಾಕೇಜಿನ ಲೆಕ್ಕಕ್ಕೆ ಸೇರಿಸಿದ್ದ, ಆ ಏಪ್ರಿಲ್‌ನಲ್ಲೇ ರೈತರಿಗೆ ಕೊಟ್ಟಿದ್ದ 2,000 ರೂಪಾಯಿ, ಪಿಎಂ ಕಿಸಾನ್ ಯೋಜನೆಯಲ್ಲಿ ವರ್ಷಕ್ಕೆ ಬರುವ 6,000ದ ಒಂದು ಕಂತು. ಬೇಗ ಬಂತು ನಿಜ, ಹೆಚ್ಚಿಗೆ ಬರಲಿಲ್ಲ. ಕಟ್ಟಡ ಕಾರ್ಮಿಕರಿಗೆ ನೆರವಾಗಲು ರಾಜ್ಯಗಳಿಗೆ ತೋರಿಸಿದ್ದು ಕಾರ್ಮಿಕರ ಕಲ್ಯಾಣ ನಿಧಿಯನ್ನು. ಅದು ಕಟ್ಟಡ ನಿರ್ಮಾಣದ ಮೇಲಿನ ಸೆಸ್‌ನಿಂದ ಅವರಿಗಾಗಿಯೇ ಕೂಡಿಟ್ಟ ಹಣ.

ಕೊಟ್ಟದ್ದರ ಪಕ್ಕದಲ್ಲೇ ತೆಗೆದುಕೊಂಡದ್ದನ್ನೂ ಬರೆದುಕೊಳ್ಳಿ. ಪ್ಯಾಕೇಜ್ ಘೋಷಣೆಗೆ ಒಂದು ವಾರ ಮೊದಲು ಕೇಂದ್ರವು ಪೆಟ್ರೋಲ್ ಮೇಲಿನ ತೆರಿಗೆಯನ್ನು ಲೀಟರ್‌ಗೆ 10 ರೂಪಾಯಿ, ಡೀಸೆಲ್ ಮೇಲಿನದನ್ನು 13 ರೂಪಾಯಿ ಏರಿಸಿತ್ತು. ಆಗ ಕಚ್ಚಾ ತೈಲ ಅಗ್ಗವಾಗಿದ್ದರಿಂದ ಬಂಕ್‌ಗಳಲ್ಲಿ ಬೆಲೆ ಏರಲಿಲ್ಲ. ಆದರೆ ಇಳಿಯಬೇಕಿದ್ದ ಬೆಲೆಯೂ ಇಳಿಯಲಿಲ್ಲ.

ಹಂತ 3: ಷರತ್ತುಗಳನ್ನು ಓದಿ

ಅಡಮಾನವಿಲ್ಲದ ಆ ಸಾಲ ಯಾರಿಗೆ ಸಿಗುತ್ತಿತ್ತು? 2020ರ ಫೆಬ್ರುವರಿ 29ಕ್ಕೆ ಈಗಾಗಲೇ ಸಾಲ ಬಾಕಿ ಇದ್ದವರಿಗೆ, ಆ ಬಾಕಿಯ ಶೇ 20ರಷ್ಟು. ಬ್ಯಾಂಕಿನ ಮೆಟ್ಟಿಲನ್ನೇ ಹತ್ತದೆ, ಕೈಸಾಲದಲ್ಲಿ ವ್ಯಾಪಾರ ನಡೆಸುತ್ತಿದ್ದವನಿಗೆ ಅದು ಸಿಗುವಂತಿರಲಿಲ್ಲ. ಬೀದಿಬದಿ ವ್ಯಾಪಾರಿಗಳಿಗೆಂದು 10,000 ರೂಪಾಯಿ ಸಾಲದ ಸ್ವನಿಧಿ ಯೋಜನೆ ಬೇರೆಯಾಗಿ ಬಂತು.

ನಮ್ಮ ರಾಜ್ಯದ್ದನ್ನೂ ಹೀಗೇ ಓದಬೇಕು. 2020ರ ಮೇ 6ರಂದು ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ 1,610 ಕೋಟಿಯ ಪ್ಯಾಕೇಜ್ ಪ್ರಕಟಿಸಿದರು. ಕ್ಷೌರಿಕರು, ಮಡಿವಾಳರು, ಆಟೊ ಮತ್ತು ಟ್ಯಾಕ್ಸಿ ಚಾಲಕರಿಗೆ ತಲಾ 5,000 ರೂಪಾಯಿ ಎಂದರು. ಮೊತ್ತ ಸಣ್ಣದು, ಆದರೆ ಸಾಲವಲ್ಲ. ಅದು ನನಗೆ ಮೆಚ್ಚುಗೆಯಾದ ಅಂಶ. ಇಂಥದ್ದು ಮತ್ತೆ ಬಂದಾಗ ಯಾವ ದಾಖಲೆ ಕೇಳುತ್ತಾರೆ, ಅರ್ಜಿ ಆನ್‌ಲೈನ್‌ನಲ್ಲಿ ಮಾತ್ರವೇ, ಖಾತೆಗೆ ಆಧಾರ್ ಜೋಡಣೆ ಆಗಿರಬೇಕೇ ಎಂಬುದನ್ನು ಮೊದಲ ದಿನವೇ ತಿಳಿದುಕೊಳ್ಳಿ. ಹೆಚ್ಚಿನವರು ಹೊರಗುಳಿಯುವುದು ಇಲ್ಲೇ.

ಹಂತ 4: ಒಂದು ಮನೆಗೆ ಎಷ್ಟು ಎಂದು ಭಾಗಿಸಿ

ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದ ಲೆಕ್ಕ ಇದು. ಅದೇ ಪ್ಯಾಕೇಜಿನಲ್ಲಿ ಉದ್ಯೋಗ ಖಾತ್ರಿ (ನರೇಗಾ) ಯೋಜನೆಗೆ 40,000 ಕೋಟಿ ಹೆಚ್ಚುವರಿಯಾಗಿ ಬಂತು. ಬಜೆಟ್‌ನಲ್ಲಿ ಮೊದಲೇ 61,500 ಕೋಟಿ ಇತ್ತು. 2020–21ರಲ್ಲಿ ದೇಶದಲ್ಲಿ ಸುಮಾರು 7.5 ಕೋಟಿ ಕುಟುಂಬಗಳು ಸರಾಸರಿ 50 ದಿನಕ್ಕೂ ತುಸು ಹೆಚ್ಚು ಕೆಲಸ ಮಾಡಿದವು. ಕರ್ನಾಟಕದಲ್ಲಿ ಆ ವರ್ಷದ ದಿನಗೂಲಿ 275 ರೂಪಾಯಿ. 50 ದಿನಕ್ಕೆ 13,750. ಜನಧನ್ ಖಾತೆಗೆ ಬಂದ 1,500ರ ಪಕ್ಕದಲ್ಲಿ ಇದನ್ನಿಟ್ಟು ನೋಡಿ. ನಗರದಿಂದ ಊರಿಗೆ ಮರಳಿದವರು ಬದು ಹಾಕಿದರು, ಕೃಷಿ ಹೊಂಡ ತೋಡಿದರು, ಕೆರೆಯ ಹೂಳು ತೆಗೆದರು. ಕೂಲಿಯ ಜೊತೆ ಊರಿಗೊಂದು ಆಸ್ತಿಯೂ ಉಳಿಯಿತು.

ಬಡವರ ಕೈ ಸೇರಿದ ಹಣ ನಿಲ್ಲುವುದಿಲ್ಲ. ಅದೇ ವಾರ ಸಂತೆಗೆ, ಕಿರಾಣಿ ಅಂಗಡಿಗೆ, ಔಷಧಿ ಅಂಗಡಿಗೆ ಹೋಗುತ್ತದೆ. ಆ ಅಂಗಡಿಯವರೂ ಮತ್ತೆ ಖರ್ಚು ಮಾಡುತ್ತಾರೆ. 2019ರ ಸೆಪ್ಟೆಂಬರ್‌ನಲ್ಲಿ ಕಂಪನಿಗಳ ತೆರಿಗೆಯನ್ನು ಶೇ 30ರಿಂದ 22ಕ್ಕೆ ಇಳಿಸಿದಾಗ ಬೊಕ್ಕಸಕ್ಕೆ ವರ್ಷಕ್ಕೆ 1.45 ಲಕ್ಷ ಕೋಟಿ ಖೋತಾ ಎಂದು ಸರ್ಕಾರವೇ ಅಂದಾಜಿಸಿತ್ತು. ಆ ಉಳಿತಾಯದಿಂದ ಕಂಪನಿ ಹೊಸ ಘಟಕ ತೆರೆಯಬಹುದು, ಹಳೆಯ ಸಾಲ ತೀರಿಸಬಹುದು, ಷೇರುದಾರರಿಗೆ ಹಂಚಲೂಬಹುದು. ಕೂಲಿಯವರಿಗೆ ಅಂಥ ಆಯ್ಕೆಗಳಿಲ್ಲ, ಆದ್ದರಿಂದಲೇ ಮಂದಗತಿಯ ಕಾಲದಲ್ಲಿ ಅವರ ಕೈಗೆ ಕೊಟ್ಟ ರೂಪಾಯಿಯಿಂದ ಊರಿನ ವ್ಯಾಪಾರ ಬೇಗ ಚೇತರಿಸಿಕೊಳ್ಳುತ್ತದೆ.

ಹಂತ 5: ನಿಮ್ಮ ಪಂಚಾಯಿತಿಯಲ್ಲಿ ಕೇಳಿ

ದೆಹಲಿಯ ಅಂಕಿ ನಿಮ್ಮೂರಿಗೆ ತಲುಪಿತೇ ಎಂಬುದನ್ನು ಗ್ರಾಮಸಭೆಯಲ್ಲಿ, ಪಂಚಾಯಿತಿಯ ಲೆಕ್ಕಪತ್ರ ಊರವರ ಮುಂದಿಡುವ ಜಮಾಬಂದಿಯಲ್ಲಿ, ಕಾಮಗಾರಿ ಮತ್ತು ಕೂಲಿಯನ್ನು ಜನರೆದುರು ತಾಳೆ ನೋಡುವ ಸಾಮಾಜಿಕ ಪರಿಶೋಧನೆಯ ದಿನ ಕೇಳಬಹುದು. ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಬಳಿ ಕಾಮಗಾರಿಗಳ ಪಟ್ಟಿ, ಹಾಜರಿ ಪಟ್ಟಿ, ಕೂಲಿ ಪಾವತಿಯ ವಿವರ ಇರುತ್ತದೆ. ಪಟ್ಟಿಯಲ್ಲಿರುವ ಕೃಷಿ ಹೊಂಡ ಹೊಲದಲ್ಲೂ ಇದೆಯೇ ಎಂದು ಹೋಗಿ ನೋಡಿ. ಯಾರ ಹೆಸರಿಗೆ ಕೂಲಿ ಬಂದಿದೆಯೋ ಅವರನ್ನೇ ಮಾತನಾಡಿಸಿ.

ಬಾಯಿಮಾತಿನ ಉತ್ತರ ಸಾಲದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದೊಳಗೆ ಇರಬೇಕು. ಆದ್ದರಿಂದ ‘ಪ್ಯಾಕೇಜ್ ಹಣ ಎಲ್ಲಿ ಹೋಯಿತು’ ಎಂದು ಬರೆಯಬೇಡಿ. ಯೋಜನೆಯ ಹೆಸರು, ಆರ್ಥಿಕ ವರ್ಷ, ಬಿಡುಗಡೆಯಾದ ಮೊತ್ತ, ಖರ್ಚಾದ ಮೊತ್ತ, ಫಲಾನುಭವಿಗಳ ಸಂಖ್ಯೆ ಇಷ್ಟನ್ನೇ ಸ್ಪಷ್ಟವಾಗಿ ಕೇಳಿ. 30 ದಿನದಲ್ಲಿ ಉತ್ತರ ಬರಬೇಕು. ಬಾರದಿದ್ದರೆ ಮಾಹಿತಿ ಅಧಿಕಾರಿಯ ಮೇಲಧಿಕಾರಿಗೆ ಮೊದಲ ಮೇಲ್ಮನವಿ ಸಲ್ಲಿಸಿ. ಅದಕ್ಕೂ 30 ದಿನಗಳ ಗಡುವಿದೆ, ಆದ್ದರಿಂದ ಅರ್ಜಿ ಕೊಟ್ಟ ರಸೀದಿಯನ್ನು ಜೋಪಾನವಾಗಿಡಿ.